ಹೂಂಗುಟ್ಟುವ ಮುನಿತಾಯಮ್ಮ

ಹೇರೋಹಳ್ಳಿಯ ಹಳೇ ಊರಿನಲ್ಲಿ ಮುನಿತಾಯಮ್ಮನಷ್ಟು ಚೆನ್ನಾಗಿ ಹೂಂಗುಟ್ಟುವವರು ಇನ್ನೊಬ್ಬರಿಲ್ಲ. ಅದೇನು ಮಹಾ ವಿದ್ಯೆ ಎಂದು ಕೇಳುವವರು ಒಮ್ಮೆ ಮಾಡಿ ನೋಡಬೇಕು. ಕಥೆ ಹೇಳುವವರ ಎದುರು ಕೂತು, ಅವರು ಒಂದು ಮಾತು ಮುಗಿಸಿ ಉಸಿರೆಳೆದುಕೊಳ್ಳುವ ಹೊತ್ತಿಗೆ ಸರಿಯಾಗಿ ‘ಹೂಂ’ ಅನ್ನಬೇಕು. ಮೊದಲೇ ಅಂದರೆ ಮಾತು ಮುರಿಯುತ್ತದೆ. ತಡವಾದರೆ ಇವಳ ಮನಸ್ಸು ಒಲೆ ಮೇಲಿನ ಹಾಲಿನ ಕಡೆಗಿದೆ ಎಂದು ಹೇಳುವವರಿಗೆ ಗೊತ್ತಾಗಿಬಿಡುತ್ತದೆ. ಜೋರಾಗಿ ಅಂದರೆ ಅವಸರ ಮಾಡಿದ ಹಾಗೆ, ಮೆಲ್ಲಗೆ ಅಂದರೆ ನಂಬದ ಹಾಗೆ.

ಕೆಂಗೇರಿ ಆಚೆಯ ತವರಿನಲ್ಲಿ ತಾತ ಹುರುಳಿ ಬಡಿಯುತ್ತಾ ಕಥೆ ಹೇಳುತ್ತಿದ್ದ. ಒಬ್ಬರಾದರೂ ಹೂಂಗುಟ್ಟದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಅಣ್ಣತಮ್ಮಂದಿರು ನಾಲ್ಕು ಮಾತಿಗೇ ತೂಕಡಿಸುತ್ತಿದ್ದರಿಂದ ಆ ಕೆಲಸ ಇವಳ ಪಾಲಿಗೆ ಬಂತು. ಮೂರನೇ ಕ್ಲಾಸಿಗೆ ಸ್ಕೂಲು ನಿಂತಿತು, ಇದು ನಿಲ್ಲಲಿಲ್ಲ. ಮದುವೆಯಾಗಿ ಬಂದ ಮೇಲೆ ಅತ್ತೆಯ ಮಾತಿಗೆ ಹೂಂಗುಟ್ಟಿದಳು, ಗಂಡ ಬಸಪ್ಪನ ಮಾತಿಗೆ ಹೂಂಗುಟ್ಟಿದಳು. ರಾಗಿ ಹೊಲಗಳು ಸೈಟುಗಳಾಗುವ ಕಾಲಕ್ಕೆ ಅಳತೆ, ದಲ್ಲಾಳಿ, ದಾಯಾದಿಗಳ ಮುನಿಸು ಎಂದು ಊರಿಗೆ ಊರೇ ಇವಳ ಜಗಲಿಗೆ ಬಂದು ಗೋಳಾಡಿತು, ಅದಕ್ಕೂ ಹೂಂಗುಟ್ಟಿದಳು. ಕೇಳಿದ್ದನ್ನು ಇನ್ನೊಬ್ಬರ ಬಾಗಿಲಿಗೆ ಒಯ್ಯಲಿಲ್ಲ. ಬಸಪ್ಪ ತೀರಿಹೋಗಿ ಹನ್ನೊಂದು ವರ್ಷವಾಯಿತು. ಈಗ ಎಪ್ಪತ್ತೊಂದರ ವಯಸ್ಸಿನಲ್ಲಿ ಮಗ ಸಿದ್ದೇಶ್, ಸೊಸೆ ಚೇತನಾ ಜೊತೆ ಅದೇ ಮೂಲೆಮನೆಯಲ್ಲಿದ್ದಾಳೆ. ಮೇಲೆ ಎರಡು ಅಂತಸ್ತು ಬಾಡಿಗೆಗೆ ಕೊಟ್ಟಿದೆ. ಆ ಬಾಡಿಗೆಯವರೂ ‘ನೀರು ಬಂತಾ ಆಂಟಿ’ ಎಂದು ಕೇಳಲು ಬಂದವರು ಮುಕ್ಕಾಲು ಗಂಟೆ ಕೂತು ತಮ್ಮ ಆಫೀಸಿನ ಕಷ್ಟ ಹೇಳಿಕೊಂಡು ಹೋಗುತ್ತಾರೆ. ನೀರಿನ ವಿಷಯ ಮರೆತೇ ಹೋಗಿರುತ್ತದೆ.

ಎಲ್ಲರೂ ಇವಳ ಬಾಗಿಲಿಗೆ ಬಂದು ಹೇಳುವವರೇ. ಇವಳು ತಾನಾಗಿ ಹೋಗಿ ಕೇಳುತ್ತಿದ್ದ ಮಾತೆಂದರೆ ವತ್ಸಲಾ ಟೀಚರದ್ದು ಒಂದೇ. ಊರಿನ ಸರ್ಕಾರಿ ಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು, ಈಗ ಆಚೆ ಲೇಔಟಿನಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದಿತು, ಬಾಯಿ ಸೊಟ್ಟಗಾಯಿತು. ಬುದ್ಧಿ ಮೊದಲಿನಷ್ಟೇ ಚುರುಕು, ಮಾತು ಮಾತ್ರ ಒಂದೊಂದೇ ಹನಿ. ಮನೆಯವರು ಪಾಪ ಒಳ್ಳೆಯವರು, ಆದರೆ ಟೀಚರ್ ‘ನನಗೆ...’ ಎಂದು ಶುರು ಮಾಡುವಷ್ಟರಲ್ಲಿ ‘ನೀರು ಬೇಕಾ, ಫ್ಯಾನ್ ಹಾಕ್ಲಾ’ ಎಂದು ಮಿಕ್ಕಿದ್ದನ್ನು ತಾವೇ ಮುಗಿಸಿಬಿಡುತ್ತಿದ್ದರು. ಒಂದು ಮಾತು ಹುಟ್ಟಲು ಐದು ನಿಮಿಷ ಬೇಕಾದರೆ ಐದು ನಿಮಿಷ ಸುಮ್ಮನೆ ಕೂರುವವಳು ಮುನಿತಾಯಮ್ಮ ಒಬ್ಬಳೇ. ದಿನಾ ಸಂಜೆ ನಾಲ್ಕಕ್ಕೆ ಹೋಗುತ್ತಿದ್ದಳು. ಹೋಗುವ ದಾರಿ ಬಾವಿ ಸಂದಿ, ಹಳೇ ಊರಿನಿಂದ ಲೇಔಟಿಗೆ ದಾಟುವ ನಾಲ್ಕಡಿ ಅಗಲದ ಓಣಿ. ಬಾವಿ ಮುಚ್ಚಿ ಕಾಲವಾಯಿತು, ಸಂದಿ ಉಳಿದಿತ್ತು. ಮಂಡಿ ನೋವಿನ ಕಾಲಿಗೂ ಆರು ನಿಮಿಷದ ದಾರಿ.

ಇನ್ನು ಸೊಸೆಯ ವಿಷಯ. ಚೇತನಾ ವಿಜಯನಗರದ ಒಂದು ಖಾಸಗಿ ಸ್ಕೂಲಿನಲ್ಲಿ ಏಳು ವರ್ಷ ಸಮಾಜ ಪಾಠ ಮಾಡಿದವಳು. ಅದನ್ನು ಬಿಟ್ಟ ಮೇಲೆ ತಾರಸಿಯ ಮೇಲೆ, ನೀರಿನ ಟ್ಯಾಂಕ್ ಪಕ್ಕದ ಸಣ್ಣ ರೂಮಿನ ಗೋಡೆಗಳಿಗೆಲ್ಲ ಕಂಬಳಿ ಇಳಿಬಿಟ್ಟು, ಒಂದು ಮೈಕು ಇಟ್ಟುಕೊಂಡು ಪಾಡ್‌ಕಾಸ್ಟ್ ಶುರು ಮಾಡಿದಳು. ‘ಮೂಲೆಮನೆ ಮಾತು’ ಎಂದು ಹೆಸರು.

"ರೇಡಿಯೋ ಥರಾನೇ ಅತ್ತೆ. ಆದ್ರೆ ಸರ್ಕಾರದ್ದಲ್ಲ, ಯಾವ ಕಂಪನಿದ್ದೂ ಅಲ್ಲ. ಯಾರ ಹಂಗೂ ಇಲ್ಲ, ನಮ್ದೇ."

"ಅಂಗಾರೆ ಕೇಳೋರು ಯಾರಮ್ಮ?"

ಚೇತನಾ ಕಂಬಳಿಯ ಮೊಳೆ ಸರಿಮಾಡಿದಳು. "ನಮ್ದೇ ಜನ," ಅಂದಳು.

ಕೇಳುವವರು ನಲವತ್ತಮೂರು ಮಂದಿ. ಅದರಲ್ಲಿ ಹದಿನೈದು ಜನ ಚೇತನಾಳ ತವರಿನವರು. ವೆಬ್‌ಸೈಟಿನ ಕೆಳಗೆ ಎಷ್ಟು ಜನ ಬಂದರು ಎಂದು ತೋರಿಸುವ ಅಂಕಿ ಮಾತ್ರ ಎರಡು ಸಾವಿರ ದಾಟಿತ್ತು. ಚೇತನಾ ತಾನೇ ಎಷ್ಟು ಸಲ ತೆರೆದು ನೋಡಿದರೂ ಅದು ಒಂದೊಂದು ಹೊಸ ಅತಿಥಿ ಎಂದೇ ಎಣಿಸುತ್ತಿತ್ತು. ವೆಬ್‌ಸೈಟು ಬಿಟ್ಟಿಗೆ ಸಿಕ್ಕ ರೆಡಿಮೇಡ್ ಅಚ್ಚಿನದು. ಆ ಅಚ್ಚು ಯಾವುದೋ ಹೋಟೆಲಿಗಾಗಿ ಮಾಡಿದ್ದಂತೆ, ಹಾಗಾಗಿ ಹಣೆಯ ಮೇಲೆ ‘ಟೇಬಲ್ ಕಾಯ್ದಿರಿಸಿ’ ಎಂಬ ಗುಂಡಿ ಕೂತಿತ್ತು. ಚೇತನಾ ಅದನ್ನು ಅಳಿಸಿ ‘ಮಾತಾಡಲು ಬನ್ನಿ’ ಎಂದು ಬರೆದಳು. ಕಂಪ್ಯೂಟರಿನಲ್ಲಿ ಬದಲಾಯಿತು, ಫೋನಿನಲ್ಲಿ ಟೇಬಲ್ಲು ಟೇಬಲ್ಲಾಗಿಯೇ ಉಳಿಯಿತು. ಊರೆಲ್ಲ ನೋಡುವುದು ಫೋನಿನಲ್ಲೇ. ಪಾಡ್‌ಕಾಸ್ಟಿಗೆ ಮಾತಾಡಲು ಬರುವವರು ಎಷ್ಟು ಜನ, ಎಷ್ಟು ಗಂಟೆಗೆ, ಕಿಟಕಿ ಪಕ್ಕ ಬೇಕೇ, ಯಾರದಾದರೂ ಹುಟ್ಟುಹಬ್ಬವೇ ಎಂದೆಲ್ಲ ತುಂಬಿ ಕಳಿಸುತ್ತಿದ್ದರು. ಎಷ್ಟು ಜನ ಎಂದು ಹೇಳಿ ಬರುವವರನ್ನು ಬರಿಗೈಲಿ ಕಳಿಸುವುದು ಹೇಗೆ ಎಂದು ಮುನಿತಾಯಮ್ಮ ಅಷ್ಟು ಜನಕ್ಕೆ ಉಪ್ಪಿಟ್ಟು ಮಾಡಿಡುತ್ತಿದ್ದಳು.

ಮೊದಮೊದಲು ಇವಳೂ ಮೇಲೆ ಹೋಗಿ ಮೂಲೆಯಲ್ಲಿ ಕೂರುತ್ತಿದ್ದಳು. ಬಂದವರು ಮಾತಾಡಿದರೆ ಇವಳಿಗೆ ತಡೆಯಲಾಗದು, ಹೂಂ ತಾನಾಗಿ ಹೊರಟುಬಿಡುತ್ತಿತ್ತು. ಮೂರನೇ ವಾರಕ್ಕೆ ಕೇಳುಗರೊಬ್ಬರು ವೆಬ್‌ಸೈಟಿನಲ್ಲಿ ಬರೆದರು: ‘ವಿಷಯ ಚೆನ್ನಾಗಿದೆ, ಆದರೆ ಹಿಂದೆ ಎಮ್ಮೆ ಕಟ್ಟಿದ್ದೀರಾ?’

ಚೇತನಾ ಅದನ್ನು ಮುಚ್ಚಿಡಲು ನೋಡಿದಳು. ಮಗ ಸಿದ್ದೇಶ್ ಊಟಕ್ಕೆ ಕೂತಾಗ ಜೋರಾಗಿ ಓದಿ ನಕ್ಕ. ಮುನಿತಾಯಮ್ಮನೂ ನಕ್ಕಳು. ಮಾರನೇ ವಾರದಿಂದ ಕೆಳಗೇ ಉಳಿದಳು.

ಅಲ್ಲಿಂದ ಹಿಡಿಯಿತು ನೋಡಿ ಗ್ರಹಚಾರ. ಲಗ್ಗೆರೆಯಿಂದ ಬಂದ ಒಬ್ಬ ಹಳೇ ಕಾರ್ಮಿಕ ಮುಖಂಡ, ಮೆಟ್ಟಿಲಲ್ಲಿ ಮುನಿತಾಯಮ್ಮನ ಹತ್ತಿರ ಅರ್ಧ ಗಂಟೆ ನಿಂತು ಮಾತಾಡಿದವನು, ಮೈಕಿನ ಮುಂದೆ ಹನ್ನೆರಡು ನಿಮಿಷಕ್ಕೆ ಬತ್ತಿಹೋದ. ಪ್ರಶ್ನೆ ಕೇಳಿದರೆ ಹೌದು, ಇಲ್ಲ, ಥ್ಯಾಂಕ್ಸ್. ಚೇತನಾ ಕಂಬಳಿ ಬದಲಾಯಿಸಿದಳು, ಕುರ್ಚಿ ಬದಲಾಯಿಸಿದಳು, ಪ್ರಶ್ನೆಗಳನ್ನು ಬದಲಾಯಿಸಿದಳು. ಕೊನೆಗೆ ಒಂದು ದಿನ ಕೆಳಗಿಳಿದು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಳು.

"ಅತ್ತೆ, ನೀವು ಮೇಲೇ ಬಂದ್ಬಿಡಿ."

"ಎಮ್ಮೆ ಅಂತಾರಲ್ಲಮ್ಮ."

"ಅದಕ್ಕೊಂದು ವೆಬ್‌ಸೈಟ್ ಸಿಕ್ಕಿದೆ. ಮಾತನ್ನ ತೊಳೆದುಕೊಡುತ್ತೆ. ಫ್ಯಾನ್ ಸದ್ದು, ಕೆಮ್ಮು, ಮಧ್ಯೆ ಮಧ್ಯೆ ಸುಮ್ನೆ ಕೂತಿದ್ದು, ಎಲ್ಲಾ ತೆಗೆದುಹಾಕುತ್ತೆ."

ಆ ವೆಬ್‌ಸೈಟಿಗೆ ಕನ್ನಡದ ಹೂಂ ಗೊತ್ತಿರಲಿಲ್ಲ. ಮೋಟಾರಿನ ಗುಂಯ್ ಎನ್ನುವ ಸದ್ದಿರಬೇಕೆಂದುಕೊಂಡು ಒಂದೂ ಬಿಡದೆ ಆರಿಸಿ ಎಸೆಯಿತು. ಹೂಂನ ಆಚೀಚೆ ಇದ್ದ ಮೌನವನ್ನೂ ಎಸೆಯಿತು. ಕೂತು, ಎದ್ದು, ನಿಟ್ಟುಸಿರು ಬಿಟ್ಟು ಒಂದು ಗಂಟೆ ಹೇಳಿದ್ದು ಹದಿನೆಂಟು ನಿಮಿಷದ ಚುರುಕು ಭಾಷಣವಾಗಿ ಹೊರಗೆ ಬರುತ್ತಿತ್ತು. ಮುನಿತಾಯಮ್ಮ ಮೇಲೆ ಕೂತಳು, ಬಂದವರು ಹೊಟ್ಟೆಯೊಳಗಿನದೆಲ್ಲ ಹೇಳಿದರು, ಇವಳ ದನಿ ಎಲ್ಲೂ ಉಳಿಯಲಿಲ್ಲ. ಚೇತನಾ ಬಲು ಚೆನ್ನಾಗಿ ಮಾತಾಡಿಸುತ್ತಾಳೆ ಎಂದು ಹೆಸರಾಯಿತು. ಕೇಳುವವರು ನೂರಾ ಎಂಬತ್ತಾದರು.

ಹೀಗಿರುವಾಗ ಯುಗಾದಿ ಕಳೆದ ಮರುವಾರ ಬಾವಿ ಸಂದಿಗೆ ಗೇಟು ಬಂತು. ಹಸಿರು ಬಣ್ಣದ ಕಬ್ಬಿಣದ ಗೇಟು, ಅದಕ್ಕೊಂದು ಅಂಗೈಯಗಲದ ಬೀಗ, ‘ನಿವಾಸಿಗಳ ಸುರಕ್ಷತೆಗಾಗಿ’ ಎಂಬ ಹಲಗೆ. ಹಾಕಿಸಿದವನು ಲೇಔಟಿನ ನಿವಾಸಿಗಳ ಸಂಘದ ಅಧ್ಯಕ್ಷ ಕೃಷ್ಣಯ್ಯ. ಸಂದಿಯಲ್ಲಿ ಸರಗಳ್ಳತನವಾಗಿದೆಯಂತೆ. ಗೇಟಿನ ಆಚೆ ಮಗ್ಗುಲಿಗೇ ಅವನ ಮೂರಂತಸ್ತಿನ ಮನೆ. ಅವನೇನು ಹೊರಗಿನವನಲ್ಲ, ಇದೇ ಹಳೇ ಊರಿನವನು, ಚಡ್ಡಿ ಜಾರುವ ಕಾಲದಿಂದ ಮುನಿತಾಯಮ್ಮ ಕಂಡವನು. ಈಗ ಐವತ್ತೆಂಟರಲ್ಲಿ ವಾರ್ಡಿನ ಚುನಾವಣೆ ಬಂದರೆ ನಿಲ್ಲುವುದೆಂದು ಬಿಳಿ ಷರಟು ಹೊಲಿಸಿಟ್ಟುಕೊಂಡಿದ್ದ.

ಸಂದಿ ಬಿಟ್ಟರೆ ಕೆರೆ ಕಡೆಯ ರಸ್ತೆ. ಜಲ್ಲಿ ಲಾರಿಗಳು, ಮೊಣಕಾಲುದ್ದದ ಗುಂಡಿಗಳು, ಮುಕ್ಕಾಲು ಗಂಟೆಯ ಸುತ್ತು. ಮುನಿತಾಯಮ್ಮ ಎರಡು ದಿನ ಹೋದಳು. ಮೂರನೇ ದಿನ ಅರ್ಧ ದಾರಿಯಲ್ಲಿ ಮಂಡಿ ಹಿಡಿದುಕೊಂಡು ಒಂದು ಕಲ್ಲಿನ ಮೇಲೆ ಕೂತವಳನ್ನು ಯಾರೋ ಆಟೋದವನು ವಾಪಸ್ಸು ಕರೆತಂದ. ಅಲ್ಲಿಗೆ ವತ್ಸಲಾ ಟೀಚರ ಮನೆ ದೂರವಾಯಿತು. ಫೋನು ಮಾಡಿದರೆ ತಂಗಿ ಎತ್ತಿ ಟೀಚರ ಕಿವಿಗಿಡುತ್ತಿದ್ದಳು. ಉಸಿರಾಡುವುದು ಕೇಳಿಸುತ್ತಿತ್ತು. ಮಾತು ಹುಟ್ಟುವ ಮೊದಲೇ ತಂಗಿ, "ಕೈ ನೋಯ್ತಿದೆ ಕಣ್ರೀ, ಇಡ್ತೀನಿ," ಅನ್ನುತ್ತಿದ್ದಳು.

ಚೇತನಾ ದೂರು ಕೊಡುವ ವೆಬ್‌ಸೈಟು ತೆರೆದಳು. ಅಲ್ಲಿ ರಸ್ತೆಯ ಹೆಸರನ್ನು ನಾವು ಬರೆಯುವಂತಿಲ್ಲ, ಅವರು ಕೊಟ್ಟ ಪಟ್ಟಿಯಿಂದಲೇ ಆರಿಸಬೇಕು. ಪಟ್ಟಿಯಲ್ಲಿ ಲೇಔಟಿನ ಒಂದನೇ ಕ್ರಾಸಿನಿಂದ ಹದಿನಾಲ್ಕನೇ ಕ್ರಾಸಿನವರೆಗೆ ಎಲ್ಲ ಇತ್ತು. ಹಳೇ ಊರು ಇರಲೇ ಇಲ್ಲ.

"ನಮ್ಮೂರೇ ಇಲ್ವಾ? ಲೇಔಟಿಗಿಂತ ನಾವು ಮುಂಚೆ ಬಂದೋರಲ್ಲವಾ?"

"ಇತರೆ ಅಂತ ಒಂದಿದೆ ಅತ್ತೆ. ನಾವು ಇತರೆ."

ಇತರೆ ಎಂದು ಒತ್ತಿದರೆ ಸ್ಥಳದ ಫೋಟೋ ಕೇಳಿತು. ಫೋಟೋ ಹಾಕಿದರೆ ಅದು ಪಕ್ಕದ ವಾರ್ಡು ಎಂದಿತು. ಹೇಗೋ ಕಣ್ಣು ತಪ್ಪಿಸಿ ಅತ್ತೆಯ ಫೋನ್ ನಂಬರಿನಲ್ಲಿ ದೂರು ಒಳಗೆ ಹೋಯಿತು. ನಾಲ್ಕನೇ ದಿನ ಮುನಿತಾಯಮ್ಮನ ಫೋನಿಗೇ ಸಂದೇಶ ಬಂತು. ದೂರು ಪರಿಹಾರವಾಗಿದೆ, ನಮ್ಮ ಸೇವೆ ಹೇಗಿತ್ತು. ಕೆಳಗೆ ಐದು ಖಾಲಿ ನಕ್ಷತ್ರ. ಸೊಸೆ ಮನೆಯಲ್ಲಿರಲಿಲ್ಲ. ಖಾಲಿ ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು ಮುನಿತಾಯಮ್ಮ ರಂಗೋಲಿಗೆ ಬಣ್ಣ ತುಂಬಿದ ಹಾಗೆ ಒಂದೊಂದಾಗಿ ಒತ್ತಿ ಐದನ್ನೂ ತುಂಬಿದಳು. ಅಲ್ಲಿಗೆ ದೂರು ಕೊಟ್ಟವರೇ ಪೂರ್ತಿ ತೃಪ್ತರಾದರೆಂದು ದಾಖಲಾಯಿತು. ಅದೇ ಜಾಗದ ಬಗ್ಗೆ ಇನ್ನೊಂದು ದೂರನ್ನು ಆರು ತಿಂಗಳು ತೆಗೆದುಕೊಳ್ಳುವುದಿಲ್ಲವಂತೆ.

ಚೇತನಾ ತಲೆ ಮೇಲೆ ಕೈಯಿಟ್ಟುಕೊಂಡು ಕೂತಳು. "ಸುಮ್ನೆ ಇದ್ದಿದ್ರೂ ಆಗ್ತಿತ್ತಲ್ಲ ಅತ್ತೆ."

"ಅಷ್ಟು ಕೇಳ್ಕಂಡಿದ್ರು ಪಾಪ," ಅಂದಳು ಮುನಿತಾಯಮ್ಮ.

ಅತ್ತೆಯನ್ನು ಕರೆದುಕೊಂಡು ಗೇಟಿನವರೆಗೆ ಹೋಗಿ ಚೇತನಾ ಕೃಷ್ಣಯ್ಯನನ್ನೂ ಕೇಳಿದ್ದಾಯಿತು. ಅವನು ಗೇಟಿನ ಆಚೆ ನಿಂತು, ಸಂಘದ ತೀರ್ಮಾನ ಕಣಕ್ಕ, ನನ್ನೊಬ್ಬನ ಕೈಲಿಲ್ಲ ಎಂದ. ಕಂಬಿಗಳ ನಡುವೆ ಅವನ ಮುಖ ಕಾಣುತ್ತಿತ್ತು. ಬೀಗ ಅವನ ಕಡೆಗಿತ್ತು.

ಗೇಟು ಬಂದ ಆರನೇ ವಾರ, ಶುಕ್ರವಾರ, ಚೇತನಾಳ ಫೋನಿಗೆ ಟೇಬಲ್ ಕಾಯ್ದಿರಿಸಿದ ಚೀಟಿ ಬಂತು. ನಾಲ್ಕು ಜನ. ಭಾನುವಾರ ಹನ್ನೊಂದು ಗಂಟೆ. ಕಿಟಕಿ ಪಕ್ಕ. ಹುಟ್ಟುಹಬ್ಬ ಇಲ್ಲ. ಹೆಸರು: ಕೃಷ್ಣಯ್ಯ, ಸಮಾಜ ಸೇವಕರು. ಜೊತೆಗೆ ಒಂದು ಷರತ್ತನ್ನೂ ಬರೆಸಿದ್ದ. ಹಿಂದೊಮ್ಮೆ ಯಾವುದೋ ಚಾನೆಲ್‌ನವರು ತನ್ನ ಮಾತನ್ನು ಅರ್ಧ ಕತ್ತರಿಸಿ ಮರ್ಯಾದೆ ಕಳೆದರು, ಇಲ್ಲಿ ತಾನು ಆಡಿದ ಒಂದಕ್ಷರವೂ ಕಟ್ ಆಗಕೂಡದು.

"ಗೇಟಿನ ವಿಷಯ ನೇರವಾಗಿ ಕೇಳ್ತೀನಿ," ಅಂದಳು ಚೇತನಾ. ಹನ್ನೊಂದು ಪ್ರಶ್ನೆ ಬರೆದುಕೊಂಡಿದ್ದಳು, ಎಂಟು ಗೇಟಿನ ಬಗ್ಗೆಯೇ.

"ಕೇಳಬ್ಯಾಡ. ಕೇಳಿದ್ರೆ ಸುರಕ್ಷತೆ ಅಂತಾನೆ. ಹಲಗೇಲಿ ಬರೆಸವ್ನಲ್ಲ."

"ಮತ್ತೇನ್ ಕೇಳ್ಲಿ?"

"ಅವರ ತಾತನ್ನ ಕೇಳು."

ಭಾನುವಾರ ಬಂದರು. ಕೃಷ್ಣಯ್ಯನ ಜೊತೆ ಬಂದ ಸಂಘದ ಮೂವರಿಗೂ ಕೆಳಗೆ ನಡುಮನೆಯಲ್ಲಿ ಉಪ್ಪಿಟ್ಟು ಬಡಿಸಿದಳು. ಬಿಸಿ ಆರುತ್ತದೆ ಎಂದು ಅವರು ಅಲ್ಲೇ ಕೂತರು. ಕೃಷ್ಣಯ್ಯ ಒಬ್ಬನೇ ಮೇಲೆ ಹೋದ. ಹಿಂದೆಯೇ ಮುನಿತಾಯಮ್ಮ ಮೊರದಲ್ಲಿ ದಂಟಿನ ಸೊಪ್ಪು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ, ಅವನಿಗೆ ಎದುರಾಗುವಂತೆ ನೆಲದ ಮೇಲೆ ಕೂತಳು.

ಮೊದಲ ಕಾಲು ಗಂಟೆ ಅವನು ಮೈಕಿಗೇ ಮಾತಾಡಿದ. ಸಾರ್ವಜನಿಕರ ಹಿತದೃಷ್ಟಿಯಿಂದ, ಮೂಲಭೂತ ಸೌಕರ್ಯಗಳ ದೃಷ್ಟಿಯಿಂದ, ಸರ್ವತೋಮುಖ ಅಭಿವೃದ್ಧಿಯ ದೃಷ್ಟಿಯಿಂದ. ಮುನಿತಾಯಮ್ಮ ಬಾಯಿ ಬಿಡದೆ ಸೊಪ್ಪು ಬಿಡಿಸಿದಳು. ಚೇತನಾ ಅತ್ತೆಯ ಮುಖ ನೋಡಿ, ತಾತನ ಬಗ್ಗೆ ಹೇಳಿ ಸಾರ್ ಎಂದಳು.

"ನಮ್ಮ ತಾತ ಕೆಂಚಪ್ಪನವರು ದೊಡ್ಡ ರೈತರು."

"ಹೂಂ," ಅಂದಳು ಮುನಿತಾಯಮ್ಮ.

ಕೃಷ್ಣಯ್ಯ ಮೈಕು ಬಿಟ್ಟು ಅವಳ ಕಡೆ ತಿರುಗಿದ. "ನೀವು ನೋಡಿದ್ರಲ್ಲ ಮುನಿತಾಯಕ್ಕ, ನಮ್ ತಾತನ್ನ. ಆ ಮೀಸೆ."

"ಹೂಂ."

"ಹೆಂಗಸ್ರು ಬಿಂದಿಗೆ ಹೊತ್ಕಂಡು ಸುತ್ತಾಕ್ಕಂಡ್ ಬರ್ತಾರೆ ಅಂತ, ನಮ್ ಹೊಲದಾಗೇ ದಾರಿ ಬಿಟ್ಕೊಟ್ಟೋನು ಅವನೇ. ಬಾವಿ ಸಂದಿ ಅಂತ ಆಮೇಲಾಗಿದ್ದು. ಯಾರೂ ಕೇಳಿರ್ಲಿಲ್ಲ, ಅವನೇ ಬಿಟ್ಟ."

"ಹೂಂ."

"ಆರಡಿ ಬಿಟ್ಟ ಮುನಿತಾಯಕ್ಕ."

"ಹೂಂ."

"ಈಗ ನಾಲ್ಕೇ ಐತೆ."

ಇಲ್ಲಿ ಮುನಿತಾಯಮ್ಮ ಹೂಂ ಅನ್ನಲಿಲ್ಲ. ಇಂಥ ಕಡೆ ಸುಮ್ಮನಿರಬೇಕೆಂದು ಅವಳಿಗೆ ಗೊತ್ತು. ಹೊರಗೆ ಟ್ಯಾಂಕಿಗೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಚೇತನಾ ಬಾಯಿ ತೆರೆದವಳು ಅತ್ತೆಯ ಕೈಸನ್ನೆ ನೋಡಿ ಮುಚ್ಚಿಕೊಂಡಳು. ಕೃಷ್ಣಯ್ಯ ಮೊರದಿಂದ ಒಂದು ದಂಟು ಎತ್ತಿಕೊಂಡು ತಾನೂ ನಾರು ತೆಗೆಯತೊಡಗಿದ. ಬಹಳ ಹೊತ್ತಾಯಿತು.

"ಎರಡಡಿ ನಮ್ ಮನೆ ಮೆಟ್ಲಿಗೆ ಹೋಯ್ತು. ಮೇಸ್ತ್ರಿ ಹೇಳ್ದ, ಒಳಗೆ ಹಾಕಿದ್ರೆ ಹಾಲ್ ಚಿಕ್ಕದಾಗ್ತದೆ ಅಂತ. ನಾನೂ ಸರಿ ಅಂದೆ."

"ಹೂಂ."

"ಮೊನ್ನೆ ಚರಂಡಿ ಮಾಡ್ತೀವಿ ಅಂತ ಅಳತೆಯೋರು ಬರ್ತಾರೆ ಅಂದ್ರು. ಬಂದು ಟೇಪ್ ಹಿಡಿದ್ರೆ ಏನ್ ಮಾಡ್ಲಿ ನಾನು? ಗೇಟ್ ಹಾಕಿ ಬೀಗ ಜಡಿದ್ರೆ ಸಂಘದ ಜಾಗ ಇದ್ದಂಗೆ ಕಾಣ್ತದೆ, ಯಾರೂ ಒಳಗ್ ಬರಲ್ಲ."

"ಹೂಂ."

"ಸರಗಳ್ಳತನ ಯಾವ್ದೂ ಆಗಿಲ್ಲ ಮುನಿತಾಯಕ್ಕ. ನಮ್ ಮನೆಯವಳದೇ ಸರ ಕಳೆದಿತ್ತು. ಹದಿನೈದು ದಿನಕ್ಕೆ ರಾಗಿ ಡಬ್ಬದಾಗೆ ಸಿಕ್ತು. ಅವಳೇ ಇಟ್ಟು ಮರೆತಿದ್ಲು. ಅಷ್ಟೊತ್ಗೆ ಹಲಗೆ ಬರೆಸಾಗಿತ್ತು."

"ಹೂಂ."

"ನಮ್ ತಾತ ಕನಸ್ನಾಗೆ ಬರ್ತಾನೆ ಕಣಕ್ಕ. ಏನೂ ಬಯ್ಯಲ್ಲ. ಬಿಂದಿಗೆ ಹಿಡ್ಕಂಡು ಗೇಟ್ ಹತ್ರ ನಿಂತಿರ್ತಾನೆ, ಅಷ್ಟೇ."

ಹೀಗೆ ಒಂದು ಗಂಟೆ ಹತ್ತು ನಿಮಿಷ. ಎದ್ದು ನಿಂತಾಗ ಕೃಷ್ಣಯ್ಯನ ಮುಖ ತಿಳಿಯಾಗಿತ್ತು. "ಏನೋ ಎದೆ ಹಗುರಾದಂಗಾಯ್ತು," ಎನ್ನುತ್ತಾ ಕೆಳಗಿಳಿದು ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡ. ಮೈಕಿನ ನೆನಪು ಅವನಿಗಿರಲಿಲ್ಲ. ಹೂಂಗುಟ್ಟುವವರು ಎದುರಿಗಿದ್ದ ಮೇಲೆ ಅದು ಜಗಲಿಯೇ, ಜಗಲಿಯ ಮಾತು ಜಗಲಿಯಲ್ಲೇ ಉಳಿಯುತ್ತದೆ ಎಂದು ಹುಟ್ಟಿದಾಗಿನಿಂದ ನಂಬಿದವನು.

ನೆನಪಿದ್ದದ್ದು ಮುನಿತಾಯಮ್ಮನಿಗೆ. ಆ ದಿನ ಅವಳು ಊಟ ಸರಿಯಾಗಿ ಮಾಡಲಿಲ್ಲ. ಇಷ್ಟು ವರ್ಷದಲ್ಲಿ ಕೇಳಿದ್ದನ್ನು ಹೊರಗೆ ಬಿಟ್ಟವಳಲ್ಲ.

"ಹಾಕ್ಲಾ ಬೇಡ್ವಾ ಅತ್ತೆ?"

"ಅವನಿಗೆ ಮೊದ್ಲು ಕೇಳಿಸು. ಬೇಡ ಅಂದ್ರೆ ಬಿಟ್ಬಿಡು. ಮಂಡಿ ಹೆಂಗೋ ಆಯ್ತದೆ."

ಚೇತನಾ ತೊಳೆದ ಮಾತನ್ನು ವೆಬ್‌ಸೈಟಿಗೇರಿಸಿ, ಹಾಕುವ ಮುಂಚೆ ಒಮ್ಮೆ ಕೇಳಿ ಸಾರ್, ಗೇಟಿನ ವಿಷಯವೂ ಬಂದಿದೆ ಎಂದು ಬರೆದು ಕೃಷ್ಣಯ್ಯನಿಗೆ ಕೊಂಡಿ ಕಳಿಸಿದಳು. ಕೊಂಡಿ ಒತ್ತಿದರೆ ಆ ವೆಬ್‌ಸೈಟು ಮೊದಲು ಪಾಸ್‌ವರ್ಡ್ ಮಾಡಿಕೊಳ್ಳಿ ಎಂದಿತಂತೆ. ಅವನು ಮನೆದೇವರ ಹೆಸರು ಹಾಕಿದ. ಒಂದು ದೊಡ್ಡಕ್ಷರ ಬೇಕು ಎಂದಿತು. ಹಾಕಿದ. ಒಂದು ಅಂಕಿ ಬೇಕು ಎಂದಿತು. ಗಾಡಿ ನಂಬರು ಹಾಕಿದ. ಒಂದು ಚಿಹ್ನೆ ಬೇಕು, ಆಮೇಲೆ ಈ ಒಂಬತ್ತು ಚಿತ್ರಗಳಲ್ಲಿ ಬಸ್ಸು ಎಲ್ಲೆಲ್ಲಿದೆ ತೋರಿಸಿ ಎಂದಿತು. ಬಸ್ಸಿನ ಹಿಂದಿನ ಚಕ್ರ ಮಾತ್ರ ಕಾಣುವ ಚಿತ್ರವನ್ನು ಬಸ್ಸೆನ್ನಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿ, ಮೂರನೇ ದಿನ ವಾಟ್ಸಾಪಿನಲ್ಲಿ ಉತ್ತರ ಕಳಿಸಿದ: ‘ನಾನೇ ಮಾತಾಡಿದ್ದಲ್ವಾಮ್ಮ, ನಾನೇ ಏನ್ ಕೇಳೋದು. ಹಾಕ್ಬಿಡಿ. ಕಟ್ ಮಾತ್ರ ಬೇಡ.’

ಹಾಕಿದಳು.

ಮರುವಾರದ ಮಂಗಳವಾರ ಬೆಳಿಗ್ಗೆ ಕೃಷ್ಣಯ್ಯ ಹಾಲಿನ ಪಾಕೆಟ್ ಕೈಯಲ್ಲಿ ಹಿಡಿದುಕೊಂಡೇ ಬಂದ. ಯಾರೋ ಫೋನಿನಲ್ಲಿ ಕೇಳಿಸಿದ್ದರು.

"ಏನಮ್ಮ ಇದು? ನಾನು ಹಿಂಗ್ ಮಾತಾಡಿದ್ನಾ?"

ಚೇತನಾ ಹೆದರಿದ್ದಳು. "ಒಂದಕ್ಷರ ಕಟ್ ಮಾಡಿಲ್ಲ ಸಾರ್."

ಅದು ಸುಳ್ಳಾಗಿರಲಿಲ್ಲ. ಅವನ ಮಾತು ಪೂರ್ತಿಯಾಗಿತ್ತು. ನಿಟ್ಟುಸಿರು, ದಂಟಿನ ನಾರು, ಟ್ಯಾಂಕಿನ ನೀರು, ಅಷ್ಟು ಹೊತ್ತಿನ ಸುಮ್ಮನಿರುವಿಕೆ, ಇವು ಮಾತ್ರ ಹೋಗಿದ್ದವು. ಅಳುಕುತ್ತಾ ಬಾಯಿಬಿಟ್ಟವನು ಈಗ ಎದೆಯುಬ್ಬಿಸಿ ಗುಡುಗುತ್ತಿದ್ದ. ಎರಡಡಿ ನಮ್ಮ ಮೆಟ್ಟಿಲಿಗೆ ಹೋಯಿತು. ಸರಗಳ್ಳತನ ಯಾವುದೂ ಆಗಿಲ್ಲ. ಒಂದರ ಹಿಂದೊಂದು, ವೇದಿಕೆ ಮೇಲೆ ನಿಂತು ಹೇಳಿದ ಹಾಗೆ.

"ನಾನು ಮುನಿತಾಯಕ್ಕಂಗೆ ಹೇಳಿದ್ದು. ಊರಿಗಲ್ಲ. ಎಲ್ಲಿ ಇದ್ರಾಗೆ ಮುನಿತಾಯಕ್ಕ? ಅವ್ರ ದನಿನೇ ಇಲ್ಲ."

"ವೆಬ್‌ಸೈಟ್ ತೆಗೆದುಬಿಡುತ್ತೆ ಸಾರ್. ಅದಕ್ಕೆ ಅವ್ರು ಮೋಟಾರ್ ಸದ್ದು."

ಕೃಷ್ಣಯ್ಯ ಮುನಿತಾಯಮ್ಮನ ಕಡೆ ತಿರುಗಿದ. ಅವಳು ತಲೆ ತಗ್ಗಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅಷ್ಟರಲ್ಲಿ ಅವನ ಜೇಬಿನ ಫೋನು ಬಡಿದುಕೊಂಡಿತು. ರಾಜಾಜಿನಗರದಿಂದ ಪಕ್ಷದ ಹಿರಿಯರೊಬ್ಬರು. ಅವನು ನೆಟ್ಟಗೆ ನಿಂತು, ಒಂದು ಕೈಯಲ್ಲಿ ಹಾಲಿನ ಪಾಕೆಟ್ ಎದೆಗೊತ್ತಿಕೊಂಡು ಕೇಳಿಸಿಕೊಂಡ.

"ಸಾರ್... ಇಲ್ಲ ಸಾರ್, ಅದು... ಹೌದು ಸಾರ್, ಮನಸ್ಸಿಂದಾನೇ ಹೇಳಿದ್ದು... ಅಯ್ಯೋ, ಅಷ್ಟೊಂದೇನಿಲ್ಲ ಸಾರ್... ನಾನು ಮೊದ್ಲಿಂದ್ಲೂ ಹಿಂಗೇ ಸಾರ್, ನೇರ."

ಫೋನು ಇಟ್ಟ ಮೇಲೆ ಅವನ ಮುಖ ಒಂದೊಂದೇ ದೀಪ ಹಚ್ಚಿದ ಹಾಗೆ ಬೆಳಗತೊಡಗಿತು. ಮೆಲ್ಲಗೆ ಕುರ್ಚಿಗೆ ಕೂತ.

"ಎಷ್ಟು ಜನ ಕೇಳವ್ರಮ್ಮ?"

"ಹನ್ನೊಂದು ಸಾವಿರ. ನನ್ನನ್ನ ಲೆಕ್ಕಕ್ಕೆ ಹಿಡೀದೇನೇ."

"ಏನಂತಾರೆ?"

ಚೇತನಾ ಓದಿದಳು. ತಪ್ಪು ಮಾಡಿದ್ದನ್ನು ತಾನೇ ಹೇಳುವ ಧೈರ್ಯ ಎಷ್ಟು ಜನಕ್ಕಿದೆ. ಇಂಥ ನೇರ ಮಾತಿನವರು ವಾರ್ಡಿಗೆ ಬೇಕು. ಬಸವೇಶ್ವರನಗರದ ಒಬ್ಬರು, ನಡುನಡುವೆ ಅವರು ಕರೆಯುವ ‘ಮುನಿತಾಯಕ್ಕ’ ಯಾರು ಎಂದು ಕೇಳಿದ್ದರು. ಅದಕ್ಕೆ ಇನ್ನೊಬ್ಬರು ಉದ್ದವಾಗಿ ವಿವರಿಸಿದ್ದರು: ಮುನಿತಾಯಕ್ಕ ಎಂದರೆ ಯಾವುದೋ ಒಬ್ಬ ಹೆಂಗಸಲ್ಲ, ಸಾಮಾನ್ಯ ಮತದಾರಳ ಸಂಕೇತ, ಇದೊಂದು ಅಪರೂಪದ ಭಾಷಣ ಕಲೆ.

"ಅದೂ ಸರಿನೇ," ಅಂದ ಕೃಷ್ಣಯ್ಯ, ಸಂಕೇತದ ಕೈಯಿಂದ ಕಾಫಿ ಲೋಟ ತೆಗೆದುಕೊಳ್ಳುತ್ತಾ.

ಅವನು ಅರ್ಧ ಲೋಟ ಕುಡಿಯುವವರೆಗೆ ಮುನಿತಾಯಮ್ಮ ಕಾದಳು. ಆಮೇಲೆ ಇಷ್ಟು ದಿನದಲ್ಲಿ ಮೊದಲ ಸಲ ಬಾಯಿಬಿಟ್ಟು ಕೇಳಿದಳು.

"ಗೇಟು ಯಾವತ್ತು ತೆಗೀತೀಯಪ್ಪ?"

"ತೆಗೀಲೇಬೇಕಲ್ಲಕ್ಕ ಈಗ. ಒಂದ್ ಒಳ್ಳೆ ದಿನ ನೋಡಿ, ಶಾಮಿಯಾನ ಹಾಕ್ಸಿ..."

"ನಾಳೆ ಬುಧವಾರ. ಚೆನ್ನಾಗೈತೆ."

ಬುಧವಾರವೇ ಆಯಿತು. ಗೇಟಿಗೆ ಮಾವಿನ ತೋರಣ ಕಟ್ಟಿ, ತಾನು ಹಾಕಿದ ಬೀಗವನ್ನು ತಾನೇ ತೆಗೆದದ್ದಕ್ಕೆ ಕೃಷ್ಣಯ್ಯ ಹಾರ ಹಾಕಿಸಿಕೊಂಡ. ಗೇಟನ್ನು ಕಿತ್ತು ಗಾಡಿಗೆ ಹಾಕಿದರು. ಸುರಕ್ಷತೆಯ ಹಲಗೆ ಇದ್ದ ಕಡೆ ‘ಶ್ರೀ ಕೃಷ್ಣಯ್ಯನವರಿಂದ ಸಾರ್ವಜನಿಕರಿಗೆ ಕೊಡುಗೆ’ ಎಂಬ ಹಲಗೆ ಬಂತು. ಮೆಟ್ಟಿಲಿನ ಎರಡಡಿ ಹಾಗೇ ಇದೆ. ಅದನ್ನು ಎಲ್ಲರ ಮುಂದೆ ಒಪ್ಪಿಕೊಂಡಾಗಿದೆಯಲ್ಲ, ಮತ್ತೆ ಒಡೆಯುವುದೇಕೆ ಎಂದುಕೊಂಡು ಯಾರೂ ಆ ಮಾತೆತ್ತಲಿಲ್ಲ. ವಾರ ಕಳೆಯುವುದರೊಳಗೆ ಫೋನಿನ ನಕಾಶೆಯಲ್ಲಿ ಯಾರೋ ಸಂದಿಯನ್ನು ಸೇರಿಸಿದರು, ‘ಕೃಷ್ಣಯ್ಯ ರಸ್ತೆ’ ಎಂದು. ನೂರಾರು ವರ್ಷದ ಹಳೇ ಊರನ್ನು ಕಾಣದ ಫೋನಿಗೆ ನಾಲ್ಕಡಿ ಸಂದಿ ರಸ್ತೆಯಾಗಿ ಕಂಡಿತು. ಹತ್ತಿರದ ದಾರಿ ಎಂದು ಅದು ತೋರಿಸಿದ್ದೇ ತಡ, ಊಟ ತಲುಪಿಸುವ ಗಾಡಿಗಳೆಲ್ಲ ಅಲ್ಲೇ ನುಗ್ಗತೊಡಗಿದವು.

ಮುನಿತಾಯಮ್ಮ ಬುಧವಾರ ಹಾರ ತುರಾಯಿಯ ಹೊತ್ತಿಗೆ ಹೋಗಲಿಲ್ಲ. ಸಂಜೆ ನಾಲ್ಕಕ್ಕೆ ಹೊರಟಳು. ಅಂದಿನಿಂದ ದಿನಾ ಹೋಗುತ್ತಾಳೆ. ಹಿಂದಿನಿಂದ ಹಾರನ್ನು ಕೇಳಿದರೆ ಕೃಷ್ಣಯ್ಯನ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು ಗೋಡೆಗೊರಗಿ ನಿಲ್ಲುತ್ತಾಳೆ, ಗಾಡಿ ಹೋದ ಮೇಲೆ ಇಳಿಯುತ್ತಾಳೆ. ಆರು ನಿಮಿಷದ ದಾರಿ ಈಗ ಹನ್ನೆರಡಾಗಿದೆ.

ಮೊದಲ ದಿನ ವತ್ಸಲಾ ಟೀಚರ್ ಇವಳನ್ನು ಕಂಡು ಎಡಗೈ ಎತ್ತಿದರು. ತಂಗಿ ನೀರು ಬೇಕಾ ಎಂದಳು, ಮುನಿತಾಯಮ್ಮ ಬೇಡ ಎಂದು ಕೈಸನ್ನೆ ಮಾಡಿ ಮಂಚದ ಪಕ್ಕ ಕೂತಳು. ಗೇಟು ಹೋದದ್ದು, ಹಲಗೆ ಬಂದದ್ದು, ಕೃಷ್ಣಯ್ಯನ ನೇರ ಮಾತಿನ ಹೆಸರುವಾಸಿ, ಎಲ್ಲ ಹೇಳಿದಳು. ಟೀಚರ್ ತುಟಿ ಅಲ್ಲಾಡಿಸಿದರು. ಮೊದಲ ಮಾತು ಹೊರಗೆ ಬರಲು ಗೋಡೆ ಗಡಿಯಾರದ ದೊಡ್ಡ ಮುಳ್ಳು ಎರಡು ಗೆರೆ ದಾಟಿತು. ಮುನಿತಾಯಮ್ಮ ಕಾದಳು.

"ಅವನು... ನನ್ನ ಕ್ಲಾಸಲ್ಲಿ... ನಾಲ್ಕು ವರ್ಷ... ಇದ್ದ."

ಮತ್ತೆ ಎರಡು ಗೆರೆ.

"ಒಂದು ದಿನಾನೂ... ನಿಜ... ಹೇಳಿದವನಲ್ಲ."

"ಈಗ ಹೇಳವ್ನೆ ಕಣ್ ಟೀಚರೇ," ಅಂದಳು ಮುನಿತಾಯಮ್ಮ. "ಹೇಳಿದ್ದು ಹೆಂಗೆ ಅಂತ ಅವನಿಗೇ ಗೊತ್ತಿಲ್ಲ."

ಟೀಚರ ಬಾಯಿಯ ಎಡಭಾಗ ನಗಲು ಶುರುಮಾಡಿತು. ಆ ನಗು ಮುಗಿಯಲೂ ಸಾಕಷ್ಟು ಹೊತ್ತು ಹಿಡಿಯಿತು.